ಐದು ಹೊಲಿಗೆ

ಸಿದ್ದಾಪುರದ ಕಡೆ ಅಡಿಕೆ ಸುಲಿಯುವವರ ಅಂಗೈ ನೋಡಿ. ಮೆಟ್ಟುಗತ್ತಿ ಎಳೆದ ಗೆರೆ, ಅದರ ಅಕ್ಕಪಕ್ಕ ಹೊಲಿಗೆಯ ಚುಕ್ಕಿಗಳು ಹಲವರಲ್ಲಿ ಸಿಗುತ್ತವೆ. ನನ್ನ ಕೈಯಲ್ಲಿ ಐದು ಜೋಡಿ.

ಕೈ ಕೊಯ್ದುಕೊಂಡ ದಿನ ವೈದ್ಯರು ಹೊಲಿಗೆಗೆ ಆರಿಸಿದ್ದು ನೈಲಾನ್ ದಾರ. ರೇಷ್ಮೆಯ ಗಂಟು ಚೆನ್ನಾಗಿ ಕೂರುತ್ತದೆ, ಆದರೆ ಅದು ಹೆಣೆದ ದಾರ. ಎಳೆಗಳ ಸಂದಿನಲ್ಲಿ ಕೀವಿನ ಕ್ರಿಮಿ ಅಡಗಬಹುದು. ಒಂಟಿ ಎಳೆಯ ನೈಲಾನ್‌ನಲ್ಲಿ ಆ ಭಯ ಕಡಿಮೆ. ಆದರೆ ಜಾರುಗುಣ ಅದಕ್ಕೆ, ಹಾಗಾಗಿ ಗಂಟಿನ ಮೇಲೆ ಗಂಟು. ಒಳಪದರಕ್ಕಾದರೆ ತಾನೇ ಕರಗುವ ದಾರ ಬೇಕು. ಹಿಂದೆ ಅದಕ್ಕೆ ಕ್ಯಾಟ್‌ಗಟ್ ಇತ್ತು. ಹೆಸರಿನಲ್ಲಿ ಬೆಕ್ಕು, ನೂಲು ಮಾತ್ರ ಕುರಿ, ದನದ ಕರುಳಿನದು! ಸುಶ್ರುತ ಸಂಹಿತೆಯಲ್ಲಂತೂ ನಾರು, ಕೂದಲುಗಳ ಹೊಲಿಗೆಯ ಜೊತೆಗೆ, ಹರಿದ ಕರುಳನ್ನು ಕಟ್ಟಿರುವೆಗಳಿಂದ ಕಚ್ಚಿಸಿ ಕೂಡಿಸುವ ಉಪಾಯವೂ ಇದೆ.

ನಾನು ಮರುಳಾದದ್ದು ದಾರಕ್ಕಲ್ಲ, ವೈದ್ಯರ ಕೈಯ ಹದಕ್ಕೆ. ಸೂಜಿ ಚರ್ಮಕ್ಕೆ ನೆಟ್ಟಗೆ ಇಳಿಯುತ್ತದೆ, ಮಣಿಕಟ್ಟು ತಿರುಗಿದಂತೆ ಬಾಗಿ ಆಚೆ ಬದಿಯಲ್ಲಿ ಅಷ್ಟೇ ದೂರಕ್ಕೆ ಏಳುತ್ತದೆ. ಅಂಚುಗಳು ಒಳಮಡಚದೆ ತುಸು ಹೊರಗೆ ಉಬ್ಬಬೇಕು. ಗಂಟು ಗಾಯದ ಮೇಲಲ್ಲ, ಪಕ್ಕಕ್ಕೆ. ಬಿಗಿ ಎಷ್ಟು?

"ಜೋರ್ ಎಳೂಕಾಗ ಮಾರಾಯ್ರೆ, ಚರ್ಮ ಸತ್ತ್ ಹೋತ್ತ್," ಎಂದರು.

ಪ್ರತಿ ಹೊಲಿಗೆಯೂ ಬಿಡಿ; ಒಂದು ಕಡಿದರೆ ಉಳಿದವು ಹಿಡಿಯುತ್ತವೆ. ಮುಖದ್ದಾದರೆ ಸುಮಾರು 5 ದಿನಕ್ಕೇ ಬಿಚ್ಚುತ್ತಾರೆ, ಕಲೆ ಉಳಿಯಬಾರದೆಂದು. ಅಂಗೈಗೆ 10ರಿಂದ 14 ದಿನ. ಅಷ್ಟು ದಿನ ಊಟ ಚಮಚದಲ್ಲಿ.