ಪದ್ಮಿನಿಗೆ ಮರುಜೀವ

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಕೂರಿಸುವವರನ್ನು ಕಂಡರೆ ನನಗೆ ತುಸು ಹೊಟ್ಟೆಕಿಚ್ಚು. ಇಟಲಿಯ ಫಿಯೆಟ್ 1100 ಮೂಲದ ಈ ಕಾರು ಮುಂಬೈನ ಕುರ್ಲಾದಲ್ಲಿ ದಶಕಗಳ ಕಾಲ ತಯಾರಾಯಿತು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರಲ್ಲಿ ರಸ್ತೆ ಬಿಟ್ಟಿತು.

ಎಲ್ಲರೂ ಬಣ್ಣ ನೋಡುತ್ತಾರೆ. ಬಲ್ಲವರು ಮೊದಲು ಮ್ಯಾಟ್ ಎತ್ತುತ್ತಾರೆ. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದರೆ ಮಳೆನೀರು ಒಳಗಿಳಿದು ತಳದ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಆದ್ದರಿಂದ ತುಕ್ಕೆಂದರೆ ಬರೀ ಅಂದಗೇಡಲ್ಲ. ಪುಟ್ಟಿ ಮೆತ್ತಿ ಮುಚ್ಚಿದ ಜಾಗವನ್ನು ಅಯಸ್ಕಾಂತ ಹಿಡಿದುಕೊಡುತ್ತದೆ, ಅಲ್ಲಿ ಅದು ಅಂಟುವುದಿಲ್ಲ. ಆ ಭಾಗ ಕತ್ತರಿಸಿ ಹೊಸ ತಗಡು ಬೆಸೆಯುವುದು ಮಾತ್ರ ನುರಿತ ಟಿಂಕರ್ ಕೈಗೇ ಬಿಡಬೇಕಾದ ಕೆಲಸ.

ಎಂಜಿನ್ ಅಷ್ಟು ಕಾಡುವುದಿಲ್ಲ. 1089 ಸಿಸಿ, ನಾಲ್ಕು ಸಿಲಿಂಡರ್, ಒಂದು ಕಾರ್ಬ್ಯುರೇಟರ್. ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಸಿಗುತ್ತದೆ. ಸ್ಟೀರಿಂಗ್ ಪಕ್ಕದ ಗೇರ್ ಸಡಿಲವಾಗಿದ್ದರೆ ಗೇರ್‌ಬಾಕ್ಸನ್ನೇ ಬೈಯಬೇಡಿ: ಎಷ್ಟೋ ಸಲ ಸವೆದ ಪುಟ್ಟ ಬುಷ್‌ಗಳೇ ಕಾರಣ. ಅವನ್ನು ಹುಡುಕುತ್ತ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಅಲೆಯುವುದೂ ಈ ಹುಚ್ಚಿನ ಭಾಗವೇ.

ಮೂಲದಲ್ಲಿಲ್ಲದ ಅಲಾಯ್ ಚಕ್ರ, ಹೊಳೆಯುವ ಮೆಟಾಲಿಕ್ ಬಣ್ಣ ನನಗೆ ಒಗ್ಗುವುದಿಲ್ಲ. ಸ್ಟೀಲ್ ಚಕ್ರ, ಕ್ರೋಮ್ ವೀಲ್‌ಕ್ಯಾಪ್, ಮಾಸಲು ಕೆನೆಬಣ್ಣ ಇದ್ದರೆ ಸಾಕು, ಪದ್ಮಿನಿಗೆ ಬೇರೆ ಒಡವೆ ಬೇಕಿಲ್ಲ.