ಏಡಿಯ ಆಹಾರಕ್ರಮ: ಒಂದು ಪದದ ವಿಮರ್ಶೆ

ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಒಳನಾಡಿನ ಗ್ರಾಮದಿಂದ ಬರುವ ವಿದ್ಯಾರ್ಥಿಯು ಗದ್ದೆಯ ಏಡಿಯನ್ನು ಬಲ್ಲನು; ಕಡಲೇಡಿಯನ್ನು ಮೊದಲು ಕಾಣುವುದು ಬಹುಶಃ ಪ್ರಯೋಗಶಾಲೆಯ ಗಾಜಿನ ಭರಣಿಯಲ್ಲಿ. ಅದರ ಜೀವನಕ್ರಮವನ್ನು ಅವನು ಅಧ್ಯಾಪಕರ ಮಾತಿನಿಂದಲೇ ಅರಿಯಬೇಕು. ಆ ಮಾತು ತಪ್ಪಾದರೆ ತಿದ್ದಿಕೊಳ್ಳಲು ಅವನ ಸಮೀಪದಲ್ಲಿ ಕಡಲಿಲ್ಲ.

ತರಗತಿಯಲ್ಲಿ ಏಡಿಯನ್ನು ‘ಕಡಲತಳದ ಜಾಡಮಾಲಿ’ ಎಂದು ಹೇಳಿ ಮುಗಿಸುವುದುಂಟು. ‘ಸ್ಕ್ಯಾವೆಂಜರ್’ ಎಂಬ ಇಂಗ್ಲಿಷ್ ಪದದ ಛಾಯೆಯಿದು. ಇದನ್ನು ಪರಿಶೀಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಏಡಿಯು ಸತ್ತ ಮೀನನ್ನು ತಿನ್ನುವುದು ನಿಜ. ಮೀನಿನ ತುಂಡನ್ನು ಕಟ್ಟಿ ಏಡಿ ಹಿಡಿಯುವವರು ಇದನ್ನು ಚೆನ್ನಾಗಿ ಬಲ್ಲರು. ಆದರೆ ಅದು ಆಹಾರದ ಒಂದು ಭಾಗ ಮಾತ್ರ. ಅಳಿವೆಯ ಕೆಸರಿನಲ್ಲಿರುವ ಸ್ಕಿಲ್ಲಾ ಸೆರಾಟಾ ತನ್ನ ಬಲಿಷ್ಠವಾದ ಇಕ್ಕುಳಗಳಿಂದ ಜೀವಂತ ಕಪ್ಪೆಚಿಪ್ಪನ್ನೂ ಶಂಖದ ಹುಳುವನ್ನೂ ಒಡೆದು ತಿನ್ನುತ್ತದೆ. ಈಜುವ ಏಡಿಯಾದ ಪೋರ್ಟುನಸ್ ಚಿಪ್ಪುಜೀವಿ, ಸಿಗಡಿಯ ಜಾತಿಯ ಪ್ರಾಣಿ, ಮೀನು ಇವುಗಳನ್ನು ತಿನ್ನುತ್ತದೆ. ಉಸುಕಿನ ದಂಡೆಯ ಓಸಿಪೋಡ್ ಇರುಳಿನಲ್ಲಿ ಬೇಟೆಯಾಡುತ್ತದೆ. ಒಂದೇ ಇಕ್ಕುಳ ದೊಡ್ಡದಾಗಿರುವ ಗಂಡು ಯೂಕಾ ಏಡಿಯಾದರೋ ಚಿಕ್ಕ ಇಕ್ಕುಳದಿಂದ ಕೆಸರನ್ನೆತ್ತಿ, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಬಾಯಿಯ ಅಂಗಗಳಿಂದ ಸೋಸಿಕೊಂಡು, ಉಳಿದುದನ್ನು ಗುಳಿಗೆಯಾಗಿ ಬಿಡುತ್ತದೆ. ಇಷ್ಟು ಭಿನ್ನವಾದ ವೃತ್ತಿಗಳನ್ನು ಒಂದೇ ಪದದಲ್ಲಿ ಅಡಗಿಸುವುದು ಶಾಸ್ತ್ರಸಮ್ಮತವಲ್ಲ.

ಜಠರವನ್ನು ಸೀಳಿ ನೋಡುವ ವಿಧಾನದಲ್ಲಿಯೂ ಎಚ್ಚರಿಕೆ ಬೇಕು. ಜಠರದೊಳಗಿನ ಹಲ್ಲುಗಳು ಆಹಾರವನ್ನು ನುಣ್ಣಗೆ ಅರೆಯುತ್ತವೆ. ಹುಳುವಿನ ಮೃದುವಾದ ಮೈ ಬೇಗನೆ ಕರಗುತ್ತದೆ, ಚಿಪ್ಪಿನ ಚೂರು ಉಳಿಯುತ್ತದೆ. ಆದುದರಿಂದ ಗಟ್ಟಿ ಆಹಾರದ ಪಾಲು ಹೆಚ್ಚೆಂದು ತೋರುವುದು. ಪೊರೆ ಕಳಚುವ ಕಾಲದಲ್ಲಿ ಏಡಿಯು ಉಣ್ಣುವುದಿಲ್ಲ; ಆಗಿನ ಬರಿದಾದ ಜಠರವು ಆಹಾರದ ಅಭಾವಕ್ಕೆ ಸಾಕ್ಷಿಯಲ್ಲ. ಅಲ್ಲದೆ, ಮೀನಿನ ಮುಳ್ಳು ಕಂಡಮಾತ್ರಕ್ಕೆ ಆ ಮೀನು ಬದುಕಿದ್ದಾಗ ಸಿಕ್ಕಿತೋ ಸತ್ತ ಮೇಲೆ ಸಿಕ್ಕಿತೋ ತಿಳಿಯದು. ಜಠರಪರೀಕ್ಷೆಯೊಡನೆ ಜೀವಂತ ಪ್ರಾಣಿಯ ವೀಕ್ಷಣೆಯೂ ನಡೆಯಬೇಕು.

ಆ ಪದಕ್ಕೆ ಇನ್ನೊಂದು ದೋಷವಿದೆ. ಮನುಷ್ಯರಿಂದ ಮಲ ಎತ್ತಿಸುವ ಪದ್ಧತಿಯನ್ನು 1993ರ ಮತ್ತು 2013ರ ಕಾಯಿದೆಗಳು ನಿಷೇಧಿಸಿದವು. ಜಾತಿಯ ಹೆಸರಿನಲ್ಲಿ ಜನರ ಮೇಲೆ ಹೇರಿದ ಕೆಲಸದ ಹೆಸರನ್ನು ಪ್ರಾಣಿಯ ಸ್ವಭಾವವೆಂಬಂತೆ ಬೋಧಿಸಿದರೆ, ಆ ಕೆಲಸವೂ ಕೆಲವರ ಸ್ವಭಾವವೇ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ನಿಲ್ಲಬಹುದು. ಎದುರಿನ ಬೆಂಚಿನಲ್ಲಿ ಅಂತಹ ಮನೆಯ ಮಗುವೂ ಕುಳಿತಿರಬಹುದೆಂಬುದನ್ನು ನಾವು ಮರೆಯಬಾರದು.

‘ಮಿಶ್ರಾಹಾರಿ’ ಎಂದು ಕರೆದು, ಯಾವ ಏಡಿ ಏನನ್ನು ಹೇಗೆ ತಿನ್ನುತ್ತದೆಂದು ವಿವರಿಸುವುದೇ ಮೇಲು. ಅದಕ್ಕೆ ನಾಲ್ಕು ವಾಕ್ಯ ಹೆಚ್ಚಾದೀತು. ಆದರೆ ಕಡಲನ್ನು ಕಾಣದ ವಿದ್ಯಾರ್ಥಿಗೆ ಆ ನಾಲ್ಕು ವಾಕ್ಯಗಳೇ ಕಡಲು.