ಘಾಟಿಯಲ್ಲಿ ದಮ್ಮು ಕಟ್ಟಿದ ಗಾಡಿ

ಮುಳಬಾಗಿಲಿನ ನನ್ನ ಸ್ನೇಹಿತರೊಬ್ಬರ ಬಳಿ ಹಳೆಯ ಟಾಟಾ 1210 ಒಂದಿದೆ. ಲಾರಿಯಾಗಿ ದುಡಿದು ಮೈ ಸವೆದ ಮೇಲೆ ಹಿಂದೆ ಕ್ರೇನು ಕಟ್ಟಿಸಿಕೊಂಡು, ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಕೆಲಸಕ್ಕೆ ಇಳಿದಿದೆ. ಒಳಗಿರುವುದು 697 ಎಂಜಿನ್. ಆರು ಸಿಲಿಂಡರ್, ಬೋರ್ 97 ಮಿಲಿಮೀಟರ್, ಅದಕ್ಕೇ ಆ ಹೆಸರು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಕಾಯಿಲೆ ಏನೆಂದು ಹೊಗೆ ನೋಡಿ, ಸದ್ದು ಕೇಳಿ ತಿಳಿಯಬೇಕು. ನನಗೆ ಈ ಎಂಜಿನ್ ಮೇಲೆ ಪ್ರೀತಿ ಹುಟ್ಟಿದ್ದೇ ಅದರಿಂದ.

ಮಾವಿನ ಸೀಸನ್ನಿನ ಒಂದು ಸಂಜೆ. ಶ್ರೀನಿವಾಸಪುರದಿಂದ ತೋತಾಪುರಿ ತುಂಬಿಕೊಂಡು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗೆ ಹೊರಟಿದ್ದ ಲಾರಿ ಮೊಗಿಲಿ ಘಾಟಿಯ ಕೆಳಗೆ ಆಕ್ಸಲ್ ಮುರಿದುಕೊಂಡು ಕೂತಿತ್ತು. ಹಣ್ಣು ಕಾಯುವುದಿಲ್ಲ, ಬೇರೆ ಲಾರಿಗೆ ತುಂಬಿ ಕಳಿಸಿದ್ದರು. ಖಾಲಿ ಗಾಡಿಯನ್ನು ಎಳೆದು ತರಲು ನಾನೂ ಜೊತೆಗೆ ಹೋದೆ. ಚಿತ್ತೂರು ಸಮುದ್ರ ಮಟ್ಟದಿಂದ 300 ಚಿಲ್ಲರೆ ಮೀಟರ್, ನಮ್ಮ ಕೋಲಾರದ ಸೀಮೆ 800ರ ಮೇಲೆ. ವಾಪಸ್ ಬರುವಾಗ ಆ ಎತ್ತರವನ್ನೆಲ್ಲ ಹತ್ತಲೇಬೇಕು.

ಏರಿನ ನಡುವೆ 1210 ದಮ್ಮು ಕಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಇಲ್ಲ. ಸೊರಗಿ ಸೊರಗಿ ಆಫ್ ಆಯಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದಂತೆ ಹೊರಟಿತು. ಎರಡು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕತೆ. ನಾಲ್ಕು ಸಲ ನಿಂತು ಮುಳಬಾಗಿಲು ಮುಟ್ಟುವಾಗ ನಡುರಾತ್ರಿ.

ಬೆಳಿಗ್ಗೆ ಬಂದವರೆಲ್ಲರದೂ ಒಂದೇ ಸಲಹೆ: ಇಂಜೆಕ್ಷನ್ ಪಂಪ್ ಹೋಗಿದೆ, ಬಿಚ್ಚಿ ಪಂಪ್ ರೂಮಿಗೆ ಕಳಿಸಿ. ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮ ಕಡೆ ಇಂದಿಗೂ ಅದು ಮೈಕೋ ಪಂಪೇ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯ ಹೆಸರು 2008ರಲ್ಲಿ ಬಾಷ್ ಆದರೂ ಡ್ರೈವರುಗಳ ಬಾಯಲ್ಲಿ ಬದಲಾಗಿಲ್ಲ. ಅದರೊಳಗೆ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಎರಡು ಮೂರು ಮೈಕ್ರಾನ್; ತಲೆಗೂದಲು ಅದರ ಇಪ್ಪತ್ತು ಪಟ್ಟು ದಪ್ಪ. ಕಾರಣವಿಲ್ಲದೆ ಅಂಥದ್ದಕ್ಕೆ ಸ್ಪ್ಯಾನರ್ ಹಾಕುವುದು ನನ್ನ ಮಟ್ಟಿಗೆ ಪಾಪ. ಸವೆದ ಪಂಪ್ ಬಿಸಿಯಾದಾಗ ಸ್ಟಾರ್ಟ್ ಆಗುವುದಕ್ಕೇ ತಕರಾರು ಮಾಡುತ್ತದೆ. ಹತ್ತು ನಿಮಿಷ ಸುಧಾರಿಸಿಕೊಂಡು ಮೊದಲಿನಂತೆ ಎಳೆಯುವುದು ಅದರ ಸ್ವಭಾವವಲ್ಲ. ಕಪ್ಪು ಹೊಗೆಯೂ ಕಂಡಿರಲಿಲ್ಲ. ಕಪ್ಪು ಹೊಗೆ ಬಂದಿದ್ದರೆ ಏರ್ ಕ್ಲೀನರನ್ನೋ ನಾಜಲನ್ನೋ ನೋಡುತ್ತಿದ್ದೆ. ಹೊಗೆಯೇ ಇಲ್ಲದೆ ಶಕ್ತಿ ಬತ್ತಿದರೆ ಎಂಜಿನ್ನಿಗೆ ಹೊಟ್ಟೆಗೆ ಸಾಲುತ್ತಿಲ್ಲ ಎಂದೇ ಅರ್ಥ.

ನಿಂತಲ್ಲೇ ಓಡುವ ಎಂಜಿನ್ನಿಗೆ ಗಂಟೆಗೆ ಒಂದೆರಡು ಲೀಟರ್ ಡೀಸೆಲ್ ಸಾಕು. ಗಾಡಿ ಕಟ್ಟಿಕೊಂಡು ಘಾಟಿ ಹತ್ತುವಾಗ ಅದರ ಹತ್ತು ಪಟ್ಟು ಬೇಕು. ಡೀಸೆಲ್ ಬರುವ ದಾರಿ ಅರ್ಧ ಕಟ್ಟಿದ್ದರೆ ಗ್ಯಾರೇಜಿನಲ್ಲಿ ಗೊತ್ತೇ ಆಗುವುದಿಲ್ಲ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನದು ಹೀರುವ ದಾರಿ. ಅಲ್ಲಿ ಎಲ್ಲರೂ ಸೋರಿಕೆ ಹುಡುಕುತ್ತಾರೆ, ಪೈಪು ಒಣಗಿದ್ದರೆ ಸರಿಯಿದೆ ಅನ್ನುತ್ತಾರೆ. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬ್ಯಾಂಜೊ ಬೋಲ್ಟಿಗೆ ಹಳೆಯ ಕಾಪರ್ ವಾಷರನ್ನೇ ಮತ್ತೆ ಹಾಕಿದರೂ ಸಾಕು, ಏರ್ ಹಿಡಿಯುತ್ತದೆ. (ಬೇರೆ ಸಿಗದಿದ್ದರೆ ಅದೇ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗಿ ಕೂರುತ್ತದೆ.) ಹಾಗಾಗಿ ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಟ್ಯೂಬು ಕಟ್ಟಿ, ಹಿಂದೆ ಕಟ್ಟಿದ್ದ ಲಾರಿಯ ಸಮೇತ ನಂಗಲಿ ಕಡೆಯ ಏರಿಗೆ ಹೊರಟೆವು. ದಮ್ಮು ಕಟ್ಟಿದ ಕೂಡಲೇ ಗಾಡಿ ನಿಲ್ಲಿಸಿ ರೇಸ್ ಮಾಡಿಸಿ ನೋಡಿದೆ. ಗುಳ್ಳೆ ಒಂದೂ ಇಲ್ಲ. ಆದರೆ ರೇಸ್ ಏರಿದಂತೆ ಟ್ಯೂಬು ಒಳಕ್ಕೆ ಸೆಳೆದುಕೊಂಡು, ಹೀರಿದ ಕೆನ್ನೆಯಂತೆ ಚಪ್ಪಟೆಯಾಯಿತು. ಗಾಳಿ ಬರುತ್ತಿಲ್ಲ, ಡೀಸೆಲ್ಲೂ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದೆ. ಬ್ರೀದರ್ ಕಟ್ಟಿದ್ದರೆ ಬುಸ್ ಎಂದು ಗಾಳಿ ನುಗ್ಗಬೇಕಿತ್ತು, ನುಗ್ಗಲಿಲ್ಲ. ಉಳಿದದ್ದು ಟ್ಯಾಂಕಿನ ಹೊಟ್ಟೆ.

ಟ್ಯಾಂಕ್ ಇಳಿಸಿದೆವು. ತಳದಲ್ಲಿ ಹಿಡಿ ತುಕ್ಕು, ನೀರು, ಅದರ ನಡುವೆ ಅಂಗೈಯಗಲದ ಬನಿಯನ್ ಬಟ್ಟೆ, ಕಪ್ಪಗೆ, ಹಾವಸೆಯಂತೆ ಜಾರುವ ಹಾಗೆ. ನೋಡುತ್ತಲೇ ಸ್ನೇಹಿತರಿಗೆ ನೆನಪಾಯಿತು: ಹಿಂದಿನ ವರ್ಷ ಮುಚ್ಚಳ ಕಳೆದಾಗ ಬಟ್ಟೆ ತುರುಕಿ ವಾರಗಟ್ಟಲೆ ಓಡಿಸಿದ್ದರು. ಎಂಜಿನ್ ಜೋರಾಗಿ ಹೀರಿದಾಗ ಆ ತುಂಡು ಪೈಪಿನ ಬಾಯಿಗೆ ಬಂದು ಅಂಟುತ್ತಿತ್ತು. ಎಂಜಿನ್ ನಿಂತರೆ ಕಳಚಿ ತಳಕ್ಕೆ ಇಳಿಯುತ್ತಿತ್ತು.

ಟ್ಯಾಂಕ್ ತೊಳೆದು ಎರಡೂ ಫಿಲ್ಟರ್ ಹೊಸದು ಹಾಕಿದೆವು. ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತ ಹೋದೆ. ಮೊದಲು ಬರೀ ನೊರೆ, ಆಮೇಲೆ ಉಗುಳಿ ಉಗುಳಿ ಡೀಸೆಲ್, ಕೊನೆಗೆ ಗುಳ್ಳೆಯಿಲ್ಲದ ತೆಳು ಧಾರೆ. ಸ್ಕ್ರೂ ಬಿಗಿದೆ. ಮಾರನೆಯ ವಾರ ವಡ್ಡಹಳ್ಳಿ ಮಾರುಕಟ್ಟೆಯಿಂದ ಟೊಮೇಟೊ ತುಂಬಿ ಹೊರಟ ಲಾರಿಯೊಂದು ಅದೇ ಘಾಟಿಯಲ್ಲಿ ಕೆಟ್ಟಿತು. 1210 ಹೋಗಿ ಅದನ್ನು ಒಂದೇ ಉಸಿರಿಗೆ ಎಳೆದು ತಂದಿತು.